ಮಗುಚಿ ನೋಡಿದ ತೊಟ್ಟಿಲು

ಹಳೆಯ ತೊಟ್ಟಿಲು ದುರಸ್ತಿಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಇಡುತ್ತೇನೆ. ಮೇಲ್ಭಾಗವನ್ನು ಮನೆಮಂದಿಯೆಲ್ಲ ಮುಟ್ಟಿರುತ್ತಾರೆ, ಒರೆಸಿರುತ್ತಾರೆ, ಮನಸ್ಸಿಗೆ ಬಂದಾಗಲೆಲ್ಲ ಬಣ್ಣ ಬಳಿದಿರುತ್ತಾರೆ. ಅಡಿಭಾಗದ ತಂಟೆಗೆ ಯಾರೂ ಹೋಗಿರುವುದಿಲ್ಲ. ಮಾಡಿದ ಬಡಗಿಯೂ ಅಲ್ಲಿ ಕೀಸುಳಿ ಆಡಿಸಿ ನಯಗೊಳಿಸುವ ಗೊಡವೆಗೆ ಹೋಗದ ಕಾರಣ ಗರಗಸದ ಗೀರು, ಮೊಳೆಯ ಮೊನೆ, ಅಳತೆಯ ಗುರುತು ಎಲ್ಲವೂ ಇದ್ದಲ್ಲೇ ಇರುತ್ತವೆ. ವಸ್ತುವಿನ ವಯಸ್ಸು, ಹುಟ್ಟೂರು, ಅದು ಪಟ್ಟ ಪಾಡು ತಿಳಿಯಬೇಕಿದ್ದರೆ ಅಲ್ಲಿಂದಲೇ ಶುರು ಮಾಡಬೇಕು.

ನಾನಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ. ಹಳೆಯ ಮರದ ಸಾಮಾನುಗಳ ದುರಸ್ತಿ ನನ್ನ ಕಸುಬು. ಈ ಸೀಮೆಯಲ್ಲಿ ನಾರ್ವೆ, ಸ್ವೀಡನ್, ಜರ್ಮನಿಗಳಿಂದ 19ನೆಯ ಶತಮಾನದಲ್ಲಿ ಬಂದು ನೆಲೆಸಿದವರ ಮನೆತನಗಳು ಬಹಳ. ಅವರ ಅಟ್ಟಗಳಿಂದ ಪೆಟ್ಟಿಗೆ, ನೂಲುವ ಚಕ್ರ, ಬೆಣ್ಣೆ ಕಡೆಯುವ ಮರದ ಕೊಳಗ ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಈ ತೊಟ್ಟಿಲು ಬಂದದ್ದು ರಾಜ್ಯದ ನೈಋತ್ಯ ಮೂಲೆಯಲ್ಲಿ ಇಂದಿಗೂ ಬೇಸಾಯ ಮಾಡುತ್ತಿರುವ ಒಂದು ನಾರ್ವೇಜಿಯನ್ ಮನೆತನದಿಂದ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅವರ ಮನೆಯಲ್ಲಿ ನಡೆದುಬಂದ ಮಾತು ಇದು: ಈ ತೊಟ್ಟಿಲನ್ನು ಹಿರಿಯಜ್ಜಿ ನಾರ್ವೆಯಿಂದ ಹಡಗಿನಲ್ಲಿ ತಂದಳು. ಅವರ ಕೋರಿಕೆಯೂ ಸರಳವಾಗಿತ್ತು. ಎದ್ದ ಬಣ್ಣವನ್ನೆಲ್ಲ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಮೇಲೆ ವಾರ್ನಿಷ್ ಹೊಡೆದು ಹೊಳೆಯುವಂತೆ ಮಾಡಿಕೊಡಬೇಕು. ಮನೆಗೆ ಹೊಸ ಕೂಸು ಬರಲಿದೆ, ಅದನ್ನು ಇದರಲ್ಲೇ ಮಲಗಿಸಬೇಕು.

ಎರಡನ್ನೂ ನಾನು ಒಪ್ಪಲಿಲ್ಲ. ಕಾರಣವನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲೆಂದು ಸೀಸ ಪತ್ತೆ ಮಾಡುವ ಹತ್ತಿಕಡ್ಡಿಯನ್ನು ಅವರ ಎದುರೇ ತೊಟ್ಟಿಲಿನ ಅಂಚಿಗೆ ಉಜ್ಜಿದೆ. ತುದಿ ಕೆಂಪಾಯಿತು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಬೆರೆಸುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಯಾವ ಬಣ್ಣವನ್ನೂ ಪರೀಕ್ಷಿಸದೆ ನಂಬಬಾರದು. ಅಂಥ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಏಳುವ ಧೂಳು ಉಜ್ಜಿದವನ ಶ್ವಾಸಕ್ಕೂ ಮನೆಯ ನೆಲಕ್ಕೂ ಸೇರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ ಅದು ಸಿಕ್ಕೇ ಸಿಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸಲಾಗುವುದಿಲ್ಲ. ಅಂಚಿನ ಮೇಲೆ ಪುಟ್ಟ ಪುಟ್ಟ ಹಲ್ಲಿನ ಗುರುತುಗಳಿದ್ದವು, ಸಾಲಾಗಿ, ಎದ್ದು ಕುಳಿತ ಮಗುವಿನ ಬಾಯಿಗೆ ಎಟುಕುವ ಎತ್ತರದಲ್ಲಿ. ಅವನ್ನು ನೋಡಿದ ಮೇಲೆ ಮನೆಯವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ನಮ್ಮಲ್ಲಿ ತೊಟ್ಟಿಲೆಂದರೆ ತೊಲೆಗೋ ಕಂಬಕ್ಕೋ ಹಗ್ಗ, ಸರಪಳಿ ಹಾಕಿ ತೂಗುಬಿಡುವುದು. ನಾರ್ವೇಜಿಯನ್ನರದು ನೆಲದ ಮೇಲೆ ನಿಲ್ಲುವಂಥದ್ದು. ಹಲಗೆಯ ಪೆಟ್ಟಿಗೆ, ತಲೆಕಡೆ ಎತ್ತರ, ಕಾಲುಕಡೆ ತಗ್ಗು, ಅಡಿಯಲ್ಲಿ ಅಡ್ಡಲಾಗಿ ಎರಡು ಬಾಗುಕಾಲು. ಇಕ್ಕೆಲದ ಹಲಗೆಗಳ ಹೊರಗೆ ಮರದ ಗುಬುಟುಗಳಿರುತ್ತವೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸನ್ನು ಮಲಗಿಸಿ, ನೇಯ್ದ ಪಟ್ಟಿಯನ್ನು ಈ ಗುಬುಟಿನಿಂದ ಆ ಗುಬುಟಿಗೆ ಅಡ್ಡಡ್ಡವಾಗಿ ಎಳೆದು ಕಟ್ಟುತ್ತಿದ್ದರು. ಎಷ್ಟು ಜೋರಾಗಿ ತೂಗಿದರೂ ಮಗು ಹೊರಗೆ ಉರುಳುತ್ತಿರಲಿಲ್ಲ. ಈ ತೊಟ್ಟಿಲಿನಲ್ಲಿ ಒಂದು ಗುಬುಟು ಬಿದ್ದುಹೋಗಿತ್ತು. ಉಳಿದವುಗಳ ಕತ್ತು ಪಟ್ಟಿ ಉಜ್ಜಿ ಉಜ್ಜಿ ಸಣ್ಣಗಾಗಿತ್ತು.

ಬಾಗುಕಾಲುಗಳಲ್ಲಿ ಒಂದರ ತುದಿ ಮಾತ್ರ ವಿಪರೀತ ಸವೆದಿತ್ತು. ಅಲ್ಲಿ ಬಣ್ಣ ಪೂರ್ತಿ ಹೋಗಿ, ಮರ ತಗ್ಗುಬಿದ್ದು, ಎಣ್ಣೆ ಕುಡಿದಂತೆ ನುಣುಪಾಗಿತ್ತು. ಅದು ಕಾಲಿನಿಂದ ತೂಗಿದ ಗುರುತು. ನೂಲುತ್ತಲೋ ಹೆಣೆಯುತ್ತಲೋ ಕುಳಿತವಳ ಎರಡೂ ಕೈಗಳಿಗೆ ಕೆಲಸವಿದೆ. ಬಿಡುವಿರುವುದು ಪಾದಕ್ಕೆ ಮಾತ್ರ. ವರ್ಷಗಟ್ಟಲೆ ಒಂದೇ ಕಡೆ ಕುಳಿತು, ಒಂದೇ ಪಾದದಿಂದ, ಅದೇ ತುದಿಯನ್ನು ಒತ್ತಿದ್ದಾಳೆ. ಆ ತಗ್ಗನ್ನು ಮರದ ಪುಡಿಯಿಂದ ತುಂಬಿ ಸಮ ಮಾಡಿಕೊಡಿ ಎಂದು ಕೇಳುವ ಗಿರಾಕಿಗಳಿದ್ದಾರೆ. ನಾನು ಮಾಡುವುದಿಲ್ಲ. ಬಡಗಿ ಮಾಡಿದ್ದು ಎಷ್ಟು ತೊಟ್ಟಿಲೋ ತಾಯಿಯ ಕಾಲು ಸವೆಸಿದ್ದೂ ಅಷ್ಟೇ ತೊಟ್ಟಿಲು ಎಂಬುದು ನನ್ನ ನಂಬಿಕೆ.

ಮಗುಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಪಕ್ಕದ ಹಲಗೆಗಳ ಒಳಮೂಲೆಯಲ್ಲಿದ್ದ ಕಮಾನಿನಾಕಾರದ ಗೀರುಗಳು. ನೀರಿನ ಚಕ್ರದಿಂದ ಮೇಲೆ ಕೆಳಗೆ ಆಡುವ ಹಳೆಯ ಗರಗಸ ಹಲಗೆಯ ಮೇಲೆ ನೇರ ಗೆರೆಗಳನ್ನು ಬಿಡುತ್ತದೆ. ವೃತ್ತಾಕಾರದ ಗರಗಸದ ಗೀರು ಬಾಗಿರುತ್ತದೆ. ಮಿಸಿಸಿಪಿ ನದಿಯ ಸೇಂಟ್ ಆಂಥೊನಿ ಜಲಪಾತದ ಬಳಿ 1848ರಲ್ಲಿ ವಾಣಿಜ್ಯ ಗರಗಸದ ಮಿಲ್ಲು ಶುರುವಾದ ಮೇಲೆ ಮಿನೆಸೋಟದ ಉತ್ತರದ ಪೈನ್ ಕಾಡುಗಳು ಹಲಗೆಗಳಾಗಿ ರಾಜ್ಯದ ಹುಲ್ಲಿನ ಬಯಲುಸೀಮೆಗೆ ಹರಿದುಬಂದವು. ಮೊಳೆಗಳೂ ತಮ್ಮ ಪಾಲಿನ ಸಾಕ್ಷಿ ಹೇಳಿದವು. ಅವು ಕಮ್ಮಾರ ಬಡಿದ ಮೊಳೆಗಳಲ್ಲ, ಇಂದಿನ ದುಂಡು ತಂತಿಯ ಮೊಳೆಗಳೂ ಅಲ್ಲ. ಕಬ್ಬಿಣದ ತಗಡಿನಿಂದ ಯಂತ್ರದಲ್ಲಿ ಕತ್ತರಿಸಿದ ಚೌಕ ಮೊಳೆಗಳು. ಈ ದೇಶದಲ್ಲಿ ತಂತಿಮೊಳೆಗಳು ಅವನ್ನು ಬದಿಗೆ ಸರಿಸಿದ್ದು 1890ರ ಆಸುಪಾಸಿನಲ್ಲಿ. ಇಷ್ಟರಿಂದಲೇ ಕಾಲದ ಎರಡು ತುದಿಗಳು ಸಿಕ್ಕಿದವು.

ಆದರೆ ಎಲ್ಲಿ ಮಾಡಿದ್ದು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಮರವೇ. ಕಾಣದ ಅಂಚಿನಿಂದ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಚೂರನ್ನು ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಪೈನ್ ಮರದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡಲಾಗಿ ಸಾಗುವ ಕೋಶಗಳ ಸಾಲುಗಳಿವೆ. ನಾರ್ವೆಯಲ್ಲಿ ಬೆಳೆಯುವ ಸ್ಕಾಟ್ಸ್ ಪೈನ್‌ನಲ್ಲಿ ಆ ಸಾಲಿನ ಅಂಚಿನ ಕೋಶಗಳ ಒಳಗೋಡೆ ಹಲ್ಲುಹಲ್ಲಾಗಿರುತ್ತದೆ. ಉತ್ತರ ಅಮೆರಿಕದ ಪೂರ್ವಭಾಗದ ವೈಟ್ ಪೈನ್‌ನಲ್ಲಿ ಅದೇ ಗೋಡೆ ನುಣುಪು. ಪಕ್ಕದ ಹಲಗೆಗಳೂ ತಲೆಹಲಗೆಯೂ ನುಣುಪಾಗಿಯೇ ಕಂಡವು. ಅಂದರೆ ಇವು ವೈಟ್ ಪೈನ್. ತೊಟ್ಟಿಲು ತಯಾರಾದದ್ದು ಅಟ್ಲಾಂಟಿಕ್ ದಾಟಿದ ಮೇಲೆ.

ಯೋಚಿಸಿದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. 1850ರ ನಂತರ ನಾರ್ವೆಯಿಂದ ಹೊರಟ ಹಾಯಿಹಡಗುಗಳಲ್ಲಿ ಬಹುಪಾಲು ಕೆನಡಾದ ಕ್ವಿಬೆಕ್ ಬಂದರಿಗೆ ಬರುತ್ತಿದ್ದವು. ಪ್ರಯಾಣದ ಅಷ್ಟೂ ವಾರಗಳ ಆಹಾರವನ್ನು ಪ್ರಯಾಣಿಕರೇ ಹೊತ್ತು ತರಬೇಕು. ಒಣ ರೊಟ್ಟಿ, ಒಣಗಿಸಿದ ಮಾಂಸ, ಬಟ್ಟೆಬರೆ, ಉಳಿ ಸುತ್ತಿಗೆ, ಪ್ರಾರ್ಥನೆಯ ಪುಸ್ತಕ ಎಲ್ಲವೂ ಒಂದೆರಡು ದೊಡ್ಡ ಪೆಟ್ಟಿಗೆಗಳಲ್ಲಿ ಹಿಡಿಯಬೇಕು. ಅಷ್ಟು ಜಾಗ ನುಂಗುವ ಖಾಲಿ ತೊಟ್ಟಿಲನ್ನು ಹೊತ್ತು ತರಲು ಎಲ್ಲರಿಗೂ ಎಲ್ಲಿ ಸಾಧ್ಯ? ಮಕ್ಕಳು ಮಾತ್ರ ಹಡಗಿನಲ್ಲೂ ಹುಟ್ಟುತ್ತಿದ್ದರು. ನಾರ್ವೆಯ ವಲಸೆಗೆ ನಾಂದಿ ಹಾಡಿದ, 1825ರಲ್ಲಿ ಸ್ಟವಾಂಗರ್‌ನಿಂದ ಹೊರಟ ಪುಟ್ಟ ಹಡಗು ರೆಸ್ಟೊರೇಷನ್‌ನಲ್ಲಿ ಹೊರಟವರು 52 ಜನ. ನ್ಯೂಯಾರ್ಕ್‌ನಲ್ಲಿ ಇಳಿಯುವಾಗ ದಾರಿಯಲ್ಲಿ ಹುಟ್ಟಿದ ಹೆಣ್ಣುಮಗುವೂ ಸೇರಿ 53.

ಹಾಗಾದರೆ ಮನೆಯವರ ಮಾತು ಬರೀ ಕಟ್ಟುಕಥೆಯೇ? ಅಲ್ಲ. ಅಡಿಹಲಗೆ ಬೇರೆಯದೇ ಮಾತು ಹೇಳುತ್ತಿತ್ತು.

ಅದು ಪಕ್ಕದ ಹಲಗೆಗಳಿಗಿಂತ ದಪ್ಪ. ಕೆಳಮುಖದಲ್ಲಿ ಕೊಳೆಯ ಪದರದಡಿ ನೀಲಿ ಹಸಿರು ಬಣ್ಣ. ಒದ್ದೆ ಹತ್ತಿಯಿಂದ ಕೊಳೆಯನ್ನು ಚೂರುಚೂರಾಗಿ ತೆಗೆದಂತೆ ತಿಳಿಹಳದಿಯ ಎರಡು ಅಕ್ಷರಗಳು ಎದ್ದುಬಂದವು: ಒಂದು ಒ, ಪಕ್ಕದಲ್ಲಿ ಡಿ. ಅದಕ್ಕೂ ಮೊದಲಿದ್ದ ಅಕ್ಷರವನ್ನು ಗರಗಸ ನಡುವೆಯೇ ಕತ್ತರಿಸಿಹಾಕಿತ್ತು. ಹಲಗೆಗೆ ಅಡ್ಡಲಾಗಿ ಒಂದು ಗೇಣು ಅಂತರದಲ್ಲಿ ಎರಡು ಕಪ್ಪು ಪಟ್ಟೆಗಳಿದ್ದವು. ಅವು ಬಳಿದ ಬಣ್ಣವಲ್ಲ, ಕಬ್ಬಿಣದ ಪಟ್ಟಿ ಬಹುಕಾಲ ಕುಳಿತು ಬಿಟ್ಟ ತುಕ್ಕಿನ ಕಲೆ. ಪಟ್ಟಿಯ ಮೊಳೆಗಳಿದ್ದ ತೂತುಗಳಿಗೆ ಮರದ ಬೆಣೆ ಬಡಿದಿದ್ದರು. ಎರಡು ಪಟ್ಟೆಗಳ ನಡುವೆ ಹೆಬ್ಬೆರಳಿನಗಲದ ಒಂದು ಮರದ ತೇಪೆ ಇತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಆ ತೇಪೆ ಯಾವ ಆಕಾರದ ತೂತನ್ನು ಮುಚ್ಚಿದೆ ಎಂಬುದು ಸ್ಪಷ್ಟವಾಯಿತು. ಅದು ಬೀಗದ ಕೈ ಹಾಕುವ ತೂತು.

ಪೆಟ್ಟಿಗೆಯ ಮುಂಭಾಗದ ಹಲಗೆ ಅದು. ಸಮುದ್ರ ದಾಟಿ ಬಂದ ಪೆಟ್ಟಿಗೆಯನ್ನು ಒಡೆದು ತೊಟ್ಟಿಲಿಗೆ ತಳ ಹಾಕಿದ್ದಾರೆ. ಅಡಿಹಲಗೆಯ ಚೂರನ್ನೂ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಕೋಶದ ಗೋಡೆ ಹಲ್ಲುಹಲ್ಲು. ಇಲ್ಲಿ ಒಂದು ಎಚ್ಚರಿಕೆ ಬೇಕು. ಮಿನೆಸೋಟದಲ್ಲೇ ಬೆಳೆಯುವ ರೆಡ್ ಪೈನ್‌ನ ಕೋಶವೂ ಹೀಗೆಯೇ ಇರುತ್ತದೆ, ಆ ಎರಡನ್ನು ಕೋಶ ನೋಡಿ ಬೇರ್ಪಡಿಸಲಾಗದು. ರೆಡ್ ಪೈನ್ ಈ ರಾಜ್ಯದ ಮರ. ಇಲ್ಲಿನ ಜನ ಅದನ್ನು ನಾರ್ವೆ ಪೈನ್ ಎಂದೇ ಕರೆಯುತ್ತಾರೆ, ಅದು ನಾರ್ವೆಯಲ್ಲಿ ಬೆಳೆಯದಿದ್ದರೂ. ಹಾಗಾಗಿ ಮರ ಒಂದನ್ನೇ ನೆಚ್ಚಿ ತೀರ್ಪು ಕೊಡುವಂತಿರಲಿಲ್ಲ. ಬಣ್ಣ, ಅಕ್ಷರ, ಕಬ್ಬಿಣದ ಪಟ್ಟಿ, ಬೀಗದ ತೂತು ನಾಲ್ಕೂ ಒಟ್ಟಿಗೆ ನಿಂತಾಗ ಮಾತ್ರ ನಾನು ಧೈರ್ಯವಾಗಿ ಬರೆದುಕೊಂಡೆ.

ಈ ಎರಡಕ್ಷರಗಳೇ ನನ್ನನ್ನು ಕಡತಗಳ ಕಡೆಗೆ ಎಳೆದೊಯ್ದವು. ಆಗಿನ ನಾರ್ವೇಜಿಯನ್ನರಿಗೆ ಇಂದಿನ ಅರ್ಥದ ಮನೆತನದ ಹೆಸರಿರಲಿಲ್ಲ. ಮಗನಾದರೆ ತಂದೆಯ ಹೆಸರಿಗೆ ಸೆನ್, ಮಗಳಾದರೆ ದಾತ್ತೆರ್ (datter) ಸೇರುತ್ತಿತ್ತು. ಜೊತೆಗೆ ವಾಸವಿದ್ದ ಜಮೀನಿನ ಹೆಸರು. ಪೆಟ್ಟಿಗೆಯ ಮೇಲೆ ಬರೆಯಿಸಿದ ಮೂರನೆಯ ಅಕ್ಷರ ಡಿ ಆಗಿದ್ದರೆ ಅದು ಹೆಣ್ಣುಮಗಳ ಪೆಟ್ಟಿಗೆ, ಅವಳ ಅಪ್ಪನ ಹೆಸರು ಒಕಾರದಿಂದ ಶುರುವಾಗುತ್ತದೆ. ಅಮೆರಿಕಕ್ಕೆ ಬಂದ ಮೇಲೆ ಅಣ್ಣನಾದವನು ತಂದೆಯ ಹೆಸರನ್ನೂ, ತಮ್ಮನಾದವನು ಜಮೀನಿನ ಹೆಸರನ್ನೂ ಇಟ್ಟುಕೊಂಡು ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆತನಗಳಾದದ್ದುಂಟು. ಊರಿನ ಹೆಸರು, ಅಪ್ಪನ ಹೆಸರುಗಳನ್ನು ಇನಿಶಿಯಲ್ ಮಾಡಿಕೊಂಡು ಬಂದು ಇಲ್ಲಿನ ಅರ್ಜಿಗಳಲ್ಲಿ ಕೊನೆಯ ಹೆಸರಿನ ಖಾನೆಯ ಮುಂದೆ ಪೇಚಾಡಿದ ಕನ್ನಡಿಗರಿಗೆ ಈ ಗೊಂದಲವನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯವರಿಗೆ ಹಿರಿಯಜ್ಜಿಯ ಗಂಡನ ಕಡೆಯ ಹೆಸರಷ್ಟೇ ಗೊತ್ತಿತ್ತು. ತವರಿನ ಹೆಸರು ಸಿಕ್ಕಿದ್ದು ಇಲ್ಲಿನ ಲೂಥರನ್ ಚರ್ಚಿನ ಮದುವೆ ಪುಸ್ತಕದಲ್ಲಿ. ಅವಳು ಓಲೆ ಎಂಬವನ ಮಗಳು, ಹಾಲಿಂಗ್‌ದಾಲ್ ಕಣಿವೆಯವಳು. ಅಲ್ಲಿಂದ ಮುಂದಿನ ದಾರಿ ಸುಲಭ. ನಾರ್ವೆ ಸರ್ಕಾರದ ಪತ್ರಾಗಾರ ತನ್ನ ಚರ್ಚು ಪುಸ್ತಕಗಳ ಪುಟಗಳನ್ನು ಡಿಜಿಟಲಾರ್ಕಿವೆ ಎಂಬ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ. ಜನನ, ದೀಕ್ಷೆ, ಮದುವೆ, ಮರಣಗಳ ಜೊತೆಗೆ ಊರು ಬಿಟ್ಟು ಹೋದವರ ಪಟ್ಟಿಯೂ ಅದರಲ್ಲಿದೆ. ಹೊರಟವರಿಗೆ ಸಿಡುಬಿನ ಲಸಿಕೆ ಹಾಕಿಸಿದ ದಿನಾಂಕವೂ ಎಷ್ಟೋ ಕಡೆ ಸಿಗುತ್ತದೆ. ಆ ಪಟ್ಟಿಯಲ್ಲಿ ಅವಳಿದ್ದಳು. ಮದುವೆಯಾಗಿರಲಿಲ್ಲ, ಜೊತೆಯಲ್ಲಿ ತಮ್ಮ. ಅಂದರೆ ಪೆಟ್ಟಿಗೆ ಅವಳ ಸ್ವಂತದ್ದು. ತಾನು ದುಡಿದು ಜೋಡಿಸಿದ್ದನ್ನೆಲ್ಲ ತುಂಬಿಕೊಂಡು ಬಂದ ಪೆಟ್ಟಿಗೆಯನ್ನು ಮೊದಲ ಬಸುರಿಗೆ ತೊಟ್ಟಿಲಾಗಲು ಒಡೆಯಲು ಬಿಟ್ಟಿದ್ದಾಳೆ. ಬಯಲುಸೀಮೆಯಲ್ಲಿ ಮರ ತೀರ ಅಪರೂಪವಾಗಿತ್ತು ಎಂಬುದು ನೆನಪಿದ್ದರೆ ಆ ನಿರ್ಧಾರ ಅರ್ಥವಾಗುತ್ತದೆ. ವೈಟ್ ಪೈನ್ ಹಲಗೆಗೆ ರೊಕ್ಕ ಕೊಡಬೇಕಿತ್ತು, ಪೆಟ್ಟಿಗೆ ಮನೆಯಲ್ಲೇ ಇತ್ತು.

ಜಮೀನಿನ ಕಡತ ಇನ್ನೂ ಹೆಚ್ಚು ಹೇಳಿತು. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ 1863ರ ಜನವರಿ 1ರಿಂದ ಜಾರಿಗೆ ಬಂತು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು, ನಾಗರಿಕರಾಗಿದ್ದರೆ ಇಲ್ಲವೇ ನಾಗರಿಕರಾಗುವೆವೆಂದು ಘೋಷಿಸಿದ್ದರೆ, 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ಇದ್ದು ಉತ್ತು ತೋರಿಸಿದರೆ ನೆಲ ಅವರದು; ಖರ್ಚು ಎಲ್ಲ ಸೇರಿ 18 ಡಾಲರ್. ಹಕ್ಕುಪತ್ರದ ಪ್ರತಿ ಭೂ ನಿರ್ವಹಣಾ ಬ್ಯೂರೋದ ತಾಣದಲ್ಲೇ ಸಿಗುತ್ತದೆ. ನಿಜವಾದ ಸಂಪತ್ತಿರುವುದು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಅರ್ಜಿಯ ಪೂರ್ಣ ಕಡತದಲ್ಲಿ. ಪ್ರತಿಗೆ ಹಣ ಕಟ್ಟಬೇಕು, ಆದರೆ ಒಂದೊಂದು ಪುಟಕ್ಕೂ ಆ ಹಣ ಸಾರ್ಥಕ. ಕೊನೆಯ ಸಾಕ್ಷ್ಯದ ಹಾಳೆಯಲ್ಲಿ ಇಬ್ಬರು ನೆರೆಯವರು ಪ್ರಮಾಣ ಮಾಡಿ ಹೇಳುತ್ತಾರೆ: ಮನೆ ಎಷ್ಟು ದೊಡ್ಡದು, ಬಾಗಿಲೆಷ್ಟು, ಕಿಟಕಿಯೆಷ್ಟು, ಎಷ್ಟು ಎಕರೆ ಉತ್ತಿದ್ದಾರೆ, ಹೆಂಡತಿ ಮಕ್ಕಳು ಯಾರು. ನಮ್ಮ ತೊಟ್ಟಿಲಿದ್ದ ಮನೆಗೆ ಒಂದು ಬಾಗಿಲು, ಎರಡು ಕಿಟಕಿ. ಆ ಹೊತ್ತಿಗೆ ಮಕ್ಕಳು ನಾಲ್ಕು.

ಈ ಕಾಗದಗಳಲ್ಲಿ ಆ ನೆಲವನ್ನು ಸಾರ್ವಜನಿಕ ಭೂಮಿ ಎಂದು ಕರೆದಿದೆ. ಅದು ಯಾರ ನೆಲವಾಗಿತ್ತು ಎಂಬುದನ್ನು ಹೇಳದೆ ಈ ಮನೆತನದ ಕಥೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. 1851ರ ಜುಲೈ ಮತ್ತು ಆಗಸ್ಟ್‌ನಲ್ಲಿ ಟ್ರಾವರ್ಸ್ ದೆ ಸೂ ಮತ್ತು ಮೆಂಡೋಟ ಎಂಬಲ್ಲಿ ನಡೆದ ಒಪ್ಪಂದಗಳಲ್ಲಿ ಇಲ್ಲಿನ ಮೂಲನಿವಾಸಿಗಳಾದ ಡಕೋಟ ಜನರು ದಕ್ಷಿಣ ಮಿನೆಸೋಟದ ಕೋಟಿಗಟ್ಟಲೆ ಎಕರೆಯನ್ನು ಬಿಟ್ಟುಕೊಟ್ಟು ನದಿಯ ದಂಡೆಯ ಕಿರಿದಾದ ಪಟ್ಟಿಗೆ ಸರಿಯಬೇಕಾಯಿತು. ಕೊಡಬೇಕಾದ ವಾರ್ಷಿಕ ಹಣ ತಡವಾಗಿ, ಹಸಿವು ಮಿತಿಮೀರಿ, 1862ರ ಆಗಸ್ಟ್‌ನಲ್ಲಿ ಯುದ್ಧ ಹೊತ್ತಿಕೊಂಡಿತು. ವಲಸೆ ಬಂದ ನೂರಾರು ಜನ ಸತ್ತರು, ಅವರಲ್ಲಿ ನಾರ್ವೇಜಿಯನ್ನರೂ ಇದ್ದರು. ಆ ವರ್ಷದ ಡಿಸೆಂಬರ್ 26ರಂದು ಮ್ಯಾಂಕೇಟೊ ಪಟ್ಟಣದಲ್ಲಿ 38 ಡಕೋಟ ಪುರುಷರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚಾಗಿದ್ದ ಸುಮಾರು 1600 ಜನರನ್ನು ಫೋರ್ಟ್ ಸ್ನೆಲ್ಲಿಂಗ್ ಕೆಳಗಿನ ನದಿಬಯಲಿನಲ್ಲಿ ಚಳಿಗಾಲವಿಡೀ ಕೂಡಿಹಾಕಿದರು. ರೋಗದಿಂದ ನೂರಕ್ಕೂ ಹೆಚ್ಚು ಜನ ಅಲ್ಲೇ ತೀರಿಕೊಂಡರು. 1863ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಂದಗಳನ್ನೇ ರದ್ದುಮಾಡಿ ಡಕೋಟ ಜನರನ್ನು ರಾಜ್ಯದಿಂದ ಹೊರಗಟ್ಟಿತು. ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮವರು ಆ ಕೋಟೆಯ ಪಕ್ಕದಲ್ಲೇ ಹಾದು ಊರು ಸೇರುತ್ತಾರೆ. ಡಕೋಟ ತಾಯಂದಿರೂ ಮುಳ್ಳುಹಂದಿಯ ಮುಳ್ಳಿನಿಂದ ಚಿತ್ತಾರ ಹಾಕಿದ ತೊಟ್ಟಿಲು ಹಲಗೆಗಳಲ್ಲಿ ಮಕ್ಕಳನ್ನು ಸುತ್ತಿ ಕಟ್ಟುತ್ತಿದ್ದರು. ಅಂಥ ಎಷ್ಟು ಹಲಗೆಗಳು ಆ ನದಿಬಯಲಿನಲ್ಲಿ ಖಾಲಿಯಾದವೋ.

ಮಕ್ಕಳ ಸಾವು ಈ ಮನೆಯನ್ನೂ ಬಿಡಲಿಲ್ಲ. 1873ರಿಂದ 1877ರವರೆಗೆ ಮಿನೆಸೋಟದ ನೈಋತ್ಯ ಭಾಗದ ಪೈರನ್ನು ಮಿಡತೆಯ ದಂಡುಗಳು ತಿಂದುಹಾಕಿದವು. ಗಂಟಲುಮಾರಿ ಮನೆಮನೆ ಹೊಕ್ಕಿತು. 1850ರಿಂದ 1880ರವರೆಗಿನ ಜನಗಣತಿಗಳ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಪ್ರತ್ಯೇಕ ಪಟ್ಟಿಯೂ ಇರುತ್ತಿತ್ತು, ಕಾರಣ ಸಮೇತ. ವಂಶಾವಳಿ ಹುಡುಕುವವರಲ್ಲಿ ಹಲವರು ಇದನ್ನು ನೋಡುವುದೇ ಇಲ್ಲ. 1890ರ ಗಣತಿಯ ಹಾಳೆಗಳು 1921ರ ಬೆಂಕಿಗೆ ಸಿಕ್ಕಿ ಹಾಳಾಗಿ, ಆಮೇಲೆ ಬಹುತೇಕ ನಾಶವಾದವು. ಆ ಖಾಲಿ ಜಾಗವನ್ನು ಮಿನೆಸೋಟ ರಾಜ್ಯವೇ 1885 ಮತ್ತು 1895ರಲ್ಲಿ ಮಾಡಿಸಿದ ಗಣತಿಯಿಂದ ತುಂಬಿಕೊಳ್ಳಬಹುದು. 1900ರ ಗಣತಿಯಲ್ಲಿ ತಾಯಂದಿರಿಗೆ ಎರಡು ಪ್ರಶ್ನೆ ಕೇಳಿದ್ದರು: ಎಷ್ಟು ಮಕ್ಕಳನ್ನು ಹೆತ್ತಿರಿ, ಈಗ ಬದುಕಿರುವುದೆಷ್ಟು. ನಮ್ಮ ಹಿರಿಯಜ್ಜಿಯ ಸಾಲಿನಲ್ಲಿ ಪಕ್ಕಪಕ್ಕದ ಖಾನೆಗಳಲ್ಲಿ 9 ಮತ್ತು 5. ಮನೆಯವರಿಗೆ ಆರು ಮಕ್ಕಳ ಹೆಸರು ಗೊತ್ತಿತ್ತು. ಉಳಿದ ಮೂವರ ಹೆಸರನ್ನು ಚರ್ಚಿನ ಪುಸ್ತಕದಿಂದ ಬರೆದುಕೊಂಡು ಹೋಗಿ ಓದಿ ಹೇಳಿದೆ. ಈಗಿನ ಮನೆಯವರ ಹಿರಿಯ ಮಗಳು ಕಾಗದ ತೆಗೆದುಕೊಂಡು ಮತ್ತೊಮ್ಮೆ ತಾನೇ ಓದಿದಳು.

ಇನ್ನು ದುರಸ್ತಿ. ಮೊದಲು ಎಲ್ಲ ಮಗ್ಗುಲಿನ ಫೋಟೊ, ಅಳತೆಯ ನಕ್ಷೆ. ಹುಳದ ತೂತುಗಳಿದ್ದವು, ಕೆಳಗೆ ಕಪ್ಪು ಕಾಗದ ಹಾಸಿ ಬಿಟ್ಟೆ. ಹೊಸ ಮರದ ಹಿಟ್ಟು ಉದುರಲಿಲ್ಲ, ತೂತಿನ ಅಂಚೂ ಹಳತಾಗಿ ಕಪ್ಪಾಗಿತ್ತು, ಹುಳ ಎಂದೋ ಹೋಗಿದೆ. ಹಿಟ್ಟು ಉದುರಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಡಬೇಕಾಗುತ್ತಿತ್ತು. ಆಮೇಲೆ ಶುಚಿ ಮಾಡುವ ಕೆಲಸ. ಮೆತ್ತನೆಯ ಕುಂಚದಿಂದ ಧೂಳು ಎಬ್ಬಿಸುತ್ತಾ ಅತಿಸೂಕ್ಷ್ಮ ಶೋಧಕವಿರುವ ವ್ಯಾಕ್ಯೂಮ್‌ನಿಂದ ಎಳೆದುಕೊಂಡೆ. ಜಿಡ್ಡಿಗೆ ಶುದ್ಧೀಕರಿಸಿದ ನೀರಿನಲ್ಲಿ ಅದ್ದಿದ ಹತ್ತಿ. ಅದಕ್ಕೂ ಜಗ್ಗದ ಕಡೆ ಎಂಜಲು: ಅದರಲ್ಲಿರುವ ಕಿಣ್ವಗಳು ಅಡುಗೆಮನೆಯ ಕೊಳೆಯನ್ನು ಬಣ್ಣಕ್ಕೆ ನೋವಾಗದಂತೆ ಬಿಡಿಸುತ್ತವೆ, ದೊಡ್ಡ ಮ್ಯೂಸಿಯಂಗಳಲ್ಲೂ ಇದೇ ರೂಢಿ. ಸೀಸವಿರುವ ಬಣ್ಣವಾದ್ದರಿಂದ ಕೈಗವಸು ಹಾಕಿ, ಒಮ್ಮೆ ಬಳಸಿದ ಹತ್ತಿಯನ್ನು ಮತ್ತೆ ಬಾಯಿಯ ಬಳಿಗೆ ತರದೆ ಮಾಡಬೇಕು.

ಎದ್ದು ನಿಂತ ಬಣ್ಣದ ಚೂರುಗಳನ್ನು ಕೆರೆಯದೆ ಕೂರಿಸಿದೆ. ಸ್ಟರ್ಜನ್ ಮೀನಿನ ಗಾಳಿಚೀಲದಿಂದ ಮಾಡಿದ ತೆಳು ಅಂಟನ್ನು ಬೆಚ್ಚಗೆ ಮಾಡಿ, ಚೂರಿನ ಮೇಲೆ ಜಪಾನಿನ ತೆಳುಕಾಗದವನ್ನಿಟ್ಟು, ಅದರ ಮೇಲಿಂದ ಕುಂಚದ ತುದಿಯಿಂದ ಅಂಟು ಇಳಿಸಿ, ಬೆಚ್ಚಗಿನ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು. ಕೆಮ್ಮಣ್ಣು ಬಣ್ಣದ ಪ್ರತಿ ಚೂರಿಗೂ ಹೀಗೆ. ಈ ಕೆಲಸದಲ್ಲಿ ಅವಸರ ಮಾಡುವವರ ಕೈಗೆ ಹಳೆಯ ವಸ್ತು ಕೊಡಲೇಬಾರದು.

ಮೂಲೆಯ ಜೋಡಣೆಗಳು ಸಡಿಲವಾಗಿದ್ದವು. ಬಡಗಿ ಹಾಕಿದ್ದು ದನದ ಚರ್ಮದ ಸರೇಸು. ನೂರೈವತ್ತು ವರ್ಷದ ಸರೇಸೂ ಬೆಚ್ಚನೆಯ ನೀರಿಗೆ ಮೆತ್ತಗಾಗುತ್ತದೆ. ಅದೇ ಬಗೆಯ ಹೊಸ ಸರೇಸನ್ನು ನೀರಿನಲ್ಲಿ ನೆನೆಸಿ, ಸುಮಾರು 60 ಡಿಗ್ರಿಗೆ ಕಾಯಿಸಿ, ಮತ್ತೆ ಕೂಡಿಸಿದೆ. ಕುದಿಯಲು ಬಿಟ್ಟರೆ ಅದರ ಬಲ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಬಿಳಿ ಗೋಂದನ್ನು ಮುಟ್ಟಲೇಬಾರದು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಮರ ಸೀಳದೆ ಅದು ಬಿಡುವುದಿಲ್ಲ. ನನ್ನ ಕೆಲಸವನ್ನು ನನ್ನ ನಂತರದವನು ಸುಲಭವಾಗಿ ಅಳಿಸುವಂತಿರಬೇಕು ಎಂಬುದು ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ.

ಅಡಿಹಲಗೆಯಲ್ಲಿ ಉದ್ದಕ್ಕೊಂದು ಬಿರುಕಿತ್ತು. ಅದನ್ನು ಹಾಗೆಯೇ ಬಿಟ್ಟೆ. ಮಿನೆಸೋಟದ ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಯೊಳಗಿನ ತೇವಾಂಶ ಪಾತಾಳಕ್ಕಿಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಹಲಗೆ ಅಗಲದ ದಿಕ್ಕಿನಲ್ಲಿ ಕುಗ್ಗಿ ಹಿಗ್ಗುತ್ತಲೇ ಇರುತ್ತದೆ. ಬಿರುಕನ್ನು ಗಟ್ಟಿಯಾಗಿ ತುಂಬಿದರೆ ಮರ ಇನ್ನೊಂದು ಕಡೆ ಸೀಳುತ್ತದೆ. ಬಿದ್ದುಹೋದ ಗುಬುಟನ್ನು ಬರ್ಚ್ ಮರದಲ್ಲಿ ಕೆತ್ತಿ, ಒಳಬದಿಗೆ ಇಸವಿಯನ್ನು ಒತ್ತಿದೆ, ಹೊಸದನ್ನು ಹಳೆಯದೆಂದು ನಾಳೆ ಯಾರೂ ಭ್ರಮಿಸಬಾರದೆಂದು.

ಶುಚಿ ಮಾಡುವಾಗ ತಲೆಹಲಗೆಯ ಒಳಮುಖದಲ್ಲಿ ಚಾಕುವಿನಿಂದ ಗೀಚಿದ ಒಂದು ಶಿಲುಬೆ ಕಂಡಿತು. ಚರ್ಚಿನ ದೀಕ್ಷಾಸ್ನಾನವಾಗುವ ಮೊದಲು ಮಗುವನ್ನು ಬೆಟ್ಟದೊಳಗಿನ ಅದೃಶ್ಯ ಜನ ಕದ್ದೊಯ್ದು ತಮ್ಮ ಮಗುವನ್ನಿಡುತ್ತಾರೆ ಎಂಬ ಭಯ ನಾರ್ವೆಯ ಹಳ್ಳಿಗಳಲ್ಲಿತ್ತು. ಅದಕ್ಕೆ ತೊಟ್ಟಿಲಿನಲ್ಲಿ ಶಿಲುಬೆ, ಪ್ರಾರ್ಥನೆಯ ಪುಸ್ತಕ, ಉಕ್ಕಿನ ಒಂದು ತುಂಡು. ಬಾಣಂತಿಯ ಕೋಣೆಯಲ್ಲಿ, ಕೂಸಿನ ತಲೆದಿಂಬಿನ ಕೆಳಗೆ ಕಬ್ಬಿಣ ಇಡುವುದನ್ನು ನಮ್ಮ ಅಜ್ಜಿಯಂದಿರಲ್ಲಿ ಕಂಡವನಿಗೆ ಆ ಗೀಚಿನ ಮುಂದೆ ಕೈ ಸ್ವಲ್ಪ ಹೊತ್ತು ನಿಂತಿತು. ಇಂಥ ತೊಟ್ಟಿಲುಗಳನ್ನು ಅಯೋವಾ ರಾಜ್ಯದ ಡೆಕೋರಾದಲ್ಲಿರುವ ವೆಸ್ಟರ್‌ಹೈಮ್ ಮ್ಯೂಸಿಯಂನಲ್ಲಿ ಸಾಲಾಗಿ ನೋಡಬಹುದು. ನಾರ್ವೇಜಿಯನ್ ವಲಸಿಗರ ವಸ್ತುಗಳ ಆ ಸಂಗ್ರಹ 1877ರಲ್ಲಿ ಲೂಥರ್ ಕಾಲೇಜಿನಲ್ಲಿ ಶುರುವಾದದ್ದು. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಅಲ್ಲಿಗೆ ಹೋಗಿಬರುವುದು ಒಳ್ಳೆಯದು.

ಹೊಸ ಕೂಸಿಗೆ ಬೇರೆ ತೊಟ್ಟಿಲು ಮಾಡಿಕೊಟ್ಟೆ. ಅದೇ ವೈಟ್ ಪೈನ್, ಬಾಗುಕಾಲಿನ ಬಾಗು ಹಳೆಯದರ ನಕ್ಷೆಯಿಂದಲೇ ಇಳಿಸಿದ್ದು. ಆದರೆ ಈಗಿನ ಸುರಕ್ಷತೆಯ ನಿಯಮಗಳಂತೆ ಹೆಚ್ಚು ವಾಲದ ಹಾಗೆ ತಡೆ, ಬಣ್ಣವಿಲ್ಲದ ಮೈ, ಕಟ್ಟುವ ಗುಬುಟುಗಳಿಲ್ಲ.

ಹಳೆಯದರ ಜೊತೆ ಮನೆಯವರಿಗೆ ಒಂದು ದಾಖಲೆಯ ಹಾಳೆ ಕೊಡಬೇಕಿತ್ತು. ಅದರಲ್ಲಿ ಮರ ಯಾವುದು, ಏನು ಹೊಸದು, ಏನು ಹಳೆಯದು, ಪೆಟ್ಟಿಗೆಯ ಒಡತಿ ಯಾರು, ಒಂಬತ್ತು ಮಕ್ಕಳ ಹೆಸರುಗಳು, ನೆಲ ಯಾರದಾಗಿತ್ತು ಎಲ್ಲ ಬರೆದಿದ್ದೆ. ಕೊನೆಯ ಸಾಲಿನ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. ತೊಟ್ಟಿಲಿನ ಹಾಳೆಯಲ್ಲಿ ಯುದ್ಧದ ಮಾತು ಏಕೆ ಎಂದು ಹಿರಿಯರೊಬ್ಬರು ಕೇಳಿದರು. ಹೋಮ್‌ಸ್ಟೆಡ್ ಕಡತದ ಪ್ರತಿಯನ್ನು ಅವರ ಮುಂದಿಟ್ಟು, ಈ 160 ಎಕರೆ ಅರ್ಜಿಗೆ ಸಿಗುವಂತಾದದ್ದು ಹೇಗೆ ಎಂಬುದು ಇಲ್ಲದಿದ್ದರೆ ಮೊದಲ ಪುಟವೇ ಹರಿದ ಪುಸ್ತಕ ಕೊಟ್ಟಂತೆ ಎಂದೆ. ಆ ಸಾಲನ್ನು ಉಳಿಸಿಕೊಂಡರು, 1862ರಲ್ಲಿ ಸತ್ತ ವಲಸಿಗರ ಬಗೆಗೂ ಒಂದು ಸಾಲು ಸೇರಿಸಬೇಕೆಂದು ಕೇಳಿದರು. ಸೇರಿಸಿದೆ. ತೊಟ್ಟಿಲು ಈಗ ಅವರ ಕೌಂಟಿಯ ಇತಿಹಾಸ ಸಂಘದಲ್ಲಿ ಎರವಲಿನ ಮೇಲಿದೆ. ಅಡಿಗೆ ಒಂದು ಕನ್ನಡಿ ಇಡಿಸಿದ್ದೇನೆ, ಬಂದವರಿಗೆ ಆ ಎರಡು ಅಕ್ಷರಗಳೂ ಬೀಗದ ತೂತಿನ ತೇಪೆಯೂ ಕಾಣಲೆಂದು.